ಕೇಳದೆ ಉಳಿದ ಕ್ಷಮೆ

ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಕಾರ್ಖಾನೆ ನಡೆಸುವ ಶ್ರಾವಕರೊಬ್ಬರಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಲೆಕ್ಕ ಬರೆದಿದ್ದ ಕ್ರೈಸ್ತ ಗುಮಾಸ್ತರು ತೀರಿಕೊಂಡರು. ಅವರ ಸ್ಮರಣಾರ್ಥ ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಬಲಿಪೂಜೆಯೆಂದು ಕಾಗದ ಬಂದಿತು. ‘ಬಲಿ’ ಎಂಬ ಶಬ್ದಕ್ಕೆ ಮನೆಯ ಹಿರಿಯರು ಬೆಚ್ಚಿದರು. ಅಲ್ಲಿ ಅರ್ಪಿಸುವುದು ರೊಟ್ಟಿ ಮತ್ತು ದ್ರಾಕ್ಷಾರಸವೆಂದು ತಿಳಿಸಿದ ಮೇಲೂ, ಅನ್ಯರ ದೇವಾಲಯಕ್ಕೆ ಹೋದರೆ ಸಮ್ಯಗ್ದರ್ಶನಕ್ಕೆ ದೋಷ ಬಾರದೇ ಎಂಬ ಶಂಕೆ ಉಳಿಯಿತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ವರವನ್ನು ಬಯಸಿ ರಾಗದ್ವೇಷಯುಕ್ತ ದೇವತೆಗಳನ್ನು ಉಪಾಸಿಸುವುದೇ ದೇವಮೂಢತೆಯೆಂದಿದ್ದಾರೆ. ಅನ್ಯರ ದುಃಖದಲ್ಲಿ ಭಾಗಿಯಾಗುವುದು ವರಯಾಚನೆಯಲ್ಲ. ಹೀಗೆ ನಿಶ್ಚಯಿಸಿ ಅವರು ಮೊಮ್ಮಗನೊಡನೆ ಹೊರಟರು.

ಜರ್ಮನಿಯ ಕೊಲೋನ್ ನಗರದ ಮಹಾದೇವಾಲಯವನ್ನು ನೆನಪಿಸುವ ಈ ಚರ್ಚಿನ ಅವಳಿ ಗೋಪುರಗಳ ಎತ್ತರ 175 ಅಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಕಟ್ಟಿದ್ದ ಚಿಕ್ಕ ಚರ್ಚಿನ ಸ್ಥಳದಲ್ಲಿ ಇದಕ್ಕೆ 1933ರ ಅಕ್ಟೋಬರ್ 28ರಂದು ಶಂಕುಸ್ಥಾಪನೆ ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಸ್ವಧರ್ಮನಿಷ್ಠರಾದ ಆ ಅರಸರ ನಿಷ್ಠೆಗೆ ಪರಧರ್ಮದ ಗೌರವದಿಂದ ಕುಂದುಂಟಾಗಲಿಲ್ಲ.

“ತಾತ, ಪರೀಕ್ಷೆಗೆಂದು ನಾವೂ ಒಂದು ಮೇಣದ ಬತ್ತಿ ಹಚ್ಚೋಣವೇ?” ಎಂದು ಹುಡುಗ ಕೇಳಿದನು.

“ಬೇಡ ಮಗು. ನಮ್ಮ ಬಸದಿಯಲ್ಲಿಯೂ ನಾವು ಬೇಡಬಾರದು. ಇಲ್ಲಿ ಸುಮ್ಮನೆ ಕುಳಿತಿರೋಣ.”

ಬಣ್ಣದ ಗಾಜುಗಳ ಬೆಳಕಿನಲ್ಲಿ ಕುಳಿತಾಗ ಅವರಿಗೆ ಹಳೆಯ ದಿನವೊಂದು ನೆನಪಾಯಿತು. ಬ್ಯಾಂಕಿಗೆ ಕೊಡಬೇಕಾಗಿದ್ದ ಪಟ್ಟಿಯಲ್ಲಿ ದಾಸ್ತಾನನ್ನು ಹೆಚ್ಚಾಗಿ ತೋರಿಸುವಂತೆ ಅವರು ಗುಮಾಸ್ತರಿಗೆ ಹೇಳಿದ್ದರು. “ಯಜಮಾನರೇ, ಇದನ್ನು ಬರೆಯಲು ನನ್ನ ಕೈ ಏಳುವುದಿಲ್ಲ” ಎಂದು ಆತ ಲೇಖನಿಯನ್ನು ಕೆಳಗಿಟ್ಟರು. ಯಜಮಾನರು ತಾವೇ ಬರೆದರು. ಆ ವರ್ಷ ಆತನ ಸಂಬಳ ಏರಿಸಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಬರೆಹವನ್ನು, ಎಣಿಸಿದೆ. ಸೂತ್ರ ಬಾಯಿಗೆ ಬರುತ್ತಿದ್ದುದು ಯಜಮಾನರಿಗೆ. ಅದರಂತೆ ನಡೆದವರು ಗುಮಾಸ್ತರು.

ಪ್ರತಿವರ್ಷ ಕ್ಷಮಾವಣಿಯಂದು ಅವರು ಊರೂರಿಗೆ ಕ್ಷಮಾಯಾಚನೆಯ ಪತ್ರಗಳನ್ನು ಕಳುಹಿಸುತ್ತಿದ್ದರು. ಅವುಗಳ ಮೇಲೆ ವಿಳಾಸ ಬರೆಯುತ್ತಿದ್ದವರು ಅದೇ ಗುಮಾಸ್ತರು. ಎದುರಿನ ಮೇಜಿನಲ್ಲಿದ್ದ ಆತನಲ್ಲಿ ಮಾತ್ರ ಕ್ಷಮೆ ಕೇಳಿರಲಿಲ್ಲ.

ಪೂಜೆ ಮುಗಿದ ಮೇಲೆ ಅವರು ಗುಮಾಸ್ತರ ಪತ್ನಿಯ ಬಳಿ ನಿಂತು, ಮೊಮ್ಮಗ ಕೇಳುವಂತೆಯೇ ನಡೆದುದನ್ನೆಲ್ಲ ಹೇಳಿದರು. “ಈ ವಿಷಯ ಅವರು ಮನೆಯಲ್ಲಿ ಎಂದೂ ಹೇಳಲಿಲ್ಲವಲ್ಲ ಸ್ವಾಮಿ” ಎಂದು ಆಕೆ ಕಣ್ಣೊರೆಸಿಕೊಂಡರು. ಮರುವಾರ, ತಡೆಹಿಡಿದಿದ್ದ ಹಣ ಬಡ್ಡಿಸಹಿತ ಆ ಮನೆಗೆ ತಲುಪಿತು.

ಹಣದ ಬಾಕಿ ತೀರಿತು. ಆತನಿಂದಲೇ ಪಡೆಯಬೇಕಾಗಿದ್ದ ಕ್ಷಮೆ ಬಾಕಿಯೇ ಉಳಿಯಿತು. ದೂರದವರಿಗೆ ಪತ್ರ ಬರೆಯುವ ಮೊದಲು ಹತ್ತಿರದವರ ಮುಂದೆ ಕೈಮುಗಿಯುವುದು ಶ್ರಾವಕನಿಗೆ ಶ್ರೇಯಸ್ಕರ.