ವಾದ್ಯವಿಲ್ಲದ ಕುಣಿತ

ಮಾಂಟೆನೆಗ್ರೊ ಎಂದರೆ ಕರಿಬೆಟ್ಟ. ಏಡ್ರಿಯಾಟಿಕ್ ಕಡಲಂಚಿನ ಆ ಬೆಟ್ಟಸೀಮೆಯ ಜನಸಂಖ್ಯೆ ಆರು ಲಕ್ಷವನ್ನು ಸ್ವಲ್ಪ ಮೀರುತ್ತದೆ. ನಮ್ಮ ಕೊಡಗಿಗಿಂತ ತುಸು ಹೆಚ್ಚು. ಜರ್ಮನಿಯಲ್ಲಿ ನೆಲೆಸಿರುವ ನಮಗೆ ಆ ನಾಡಿನವರು ಮೊದಲು ಪರಿಚಯವಾದದ್ದು ನೆರೆಹೊರೆಯವರಾಗಿ. ಅವರ ಮನೆಯ ಮದುವೆಯೊಂದಕ್ಕೆ ಹೋದ ನಮ್ಮ ಕೂಟದ ಎರಡು ಕುಟುಂಬಗಳು ‘ಓರೊ’ ಎಂಬ ಕುಣಿತವನ್ನು ಕಂಡುಬಂದವು. ಅಂದಿನಿಂದ ನಮ್ಮ ಮಾತುಕತೆಗಳಲ್ಲಿ ಅದು ಮತ್ತೆ ಮತ್ತೆ ಸುಳಿಯುತ್ತಿದೆ.

ಓರೊ ವೃತ್ತಾಕಾರದ ಕುಣಿತ. ಅದರ ಸಾಂಪ್ರದಾಯಿಕ ರೂಪದಲ್ಲಿ ವಾದ್ಯವೇ ಇಲ್ಲ. ಸುತ್ತ ನಿಂತವರೇ ಹಾಡಬೇಕು. ವೃತ್ತದ ಒಂದು ಪಕ್ಕದವರು ಎದುರು ಪಕ್ಕದವರಲ್ಲಿ ಒಬ್ಬರನ್ನು ಛೇಡಿಸಿ ಹಾಡುತ್ತಾರೆ; ಆ ಛೇಡನೆಯೇ ಆಹ್ವಾನ. ಧೈರ್ಯವುಳ್ಳವನು ನಡುವಿಗೆ ಬಂದು, ತೋಳುಗಳನ್ನು ರೆಕ್ಕೆಯಂತೆ ಚಾಚಿ, ಹದ್ದಿನ ಹಾಗೆ ನೆಗೆಯುತ್ತಾನೆ. ಬಳಿಕ ಯುವತಿಯೊಬ್ಬಳು ಜೊತೆಗೂಡುತ್ತಾಳೆ. ದಣಿದಾಗ ಇಬ್ಬರೂ ಕೆನ್ನೆಗೆ ಮುತ್ತಿಟ್ಟು ಹಿಂದೆ ಸರಿದರೆ ಮತ್ತೊಂದು ಜೋಡಿ ಬರುತ್ತದೆ. ಕೊನೆಯಲ್ಲಿ ಗಂಡಸರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಎರಡಂತಸ್ತಿನ ವೃತ್ತ ಕಟ್ಟುವುದೂ ಉಂಟು. ಮದುವೆಯೂಟದ ಬಳಿಕ ಆ ಸಾಹಸಕ್ಕೆ ಇಳಿಯುವವರ ಜೀರ್ಣಶಕ್ತಿಗೆ ನಮ್ಮ ನಮಸ್ಕಾರ!

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ನೆಗೆತವಲ್ಲ. ಮಾತು ಮರೆತರೆ ಅಲ್ಲಿ ಕುಣಿತವೇ ನಿಂತುಹೋಗುತ್ತದೆ ಎಂಬ ಸಂಗತಿ.

ಕಥನಗೀತೆಗಳಿಗಾದರೋ ಅಲ್ಲಿ ‘ಗುಸ್ಲೆ’ ಎಂಬ ವಾದ್ಯವಿದೆ. ಮರವನ್ನು ಕೊರೆದು, ಚರ್ಮ ಬಿಗಿದು, ಕುದುರೆಯ ಬಾಲದ ಕೂದಲಿನ ಒಂದೇ ತಂತಿಯನ್ನು ಕಮಾನಿನಿಂದ ಮೀಟುತ್ತಾರೆ. ಸಾಲಿಗೆ ಹತ್ತು ಅಕ್ಷರಗಳ ವೀರಗಾಥೆಗಳು ಅದರೊಡನೆ ಹರಿಯುತ್ತವೆ. ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರನ್ನು ಕೇಳಿದವರಿಗೆ ಆ ಏಕನಾದ ಅಪರಿಚಿತವೆನಿಸದು.

1935ರಲ್ಲಿ ಹಾರ್ವರ್ಡ್‌ನ ವಿದ್ವಾಂಸ ಮಿಲ್ಮನ್ ಪ್ಯಾರಿ, ಹೋಮರನ ಕಾವ್ಯಗಳು ಹುಟ್ಟಿದ ಬಗೆಯನ್ನು ಅರಿಯಲು ಈ ಸೀಮೆಗೆ ಬಂದಿದ್ದರು. ಬಿಯೆಲೊ ಪೋಲ್ಯೆ ಎಂಬ ಊರಿನಲ್ಲಿ ಅವ್ದೊ ಮೆಜೆದೊವಿಚ್ ಎಂಬ ಕಟುಕ ವೃತ್ತಿಯ ಗಾಯಕ ಅವರಿಗೆ ದೊರೆತ. ಓದುಬರಹ ಬಾರದ ಅವನಿಂದ ಪಡೆದ ಒಂದು ಕಾವ್ಯವೇ 12,000 ಸಾಲುಗಳನ್ನು ಮೀರುತ್ತದೆ. ಒಮ್ಮೆ ಇನ್ನೊಬ್ಬ ಗಾಯಕ ಹಾಡಿದ, ಸುಮಾರು 2,300 ಸಾಲುಗಳ, ಅವ್ದೊ ಹಿಂದೆ ಕೇಳಿರದ ಕಥೆಯನ್ನು ಅವನಿಗೆ ಕೇಳಿಸಿ, ಹಾಡಬಲ್ಲೆಯಾ ಎಂದು ಕೇಳಿದರಂತೆ. ಅವ್ದೊ ಅದನ್ನು 6,300ಕ್ಕೂ ಹೆಚ್ಚು ಸಾಲುಗಳಲ್ಲಿ ಬೆಳೆಸಿ ಹಾಡಿದ. ಇದು ಬಾಯಿಪಾಠದ ಬಲವೆಂದು ನಮಗೆ ಅನಿಸುವುದಿಲ್ಲ. ಭಾಷೆಯೊಳಗೇ ವಾಸವಾಗಿದ್ದವನಿಗೆ ಮಾತ್ರ ಸಾಧ್ಯವಾದ ಕೆಲಸವದು.

ಮೃತರನ್ನು ನೆನೆದು ಹೆಂಗಸರು ಹಾಡುವ ಶೋಕಗೀತೆಗಳೂ ಅಲ್ಲಿವೆ. ಕವಿ ನ್ಯೇಗೊಶ್ 1847ರ ತನ್ನ ‘ಗೋರ್ಸ್ಕಿ ವಿಯೆನಾತ್ಸ್’ ಕಾವ್ಯದಲ್ಲಿ ಅಂಥ ಒಂದು ಪ್ರಲಾಪಕ್ಕೂ, ಜನರ ದನಿಯಾಗಿ ಹಾಡುವ ಕುಣಿತದ ವೃತ್ತಕ್ಕೂ ಎಡೆ ಕೊಟ್ಟಿದ್ದಾನೆ.

ಇನ್ನು ನಮ್ಮ ಕೋಲಾಟದ ವಿಚಾರ. ಊರಿನಲ್ಲಿ ಅದೂ ಹಾಡುತ್ತಲೇ ಆಡುವ ಆಟ: ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಡಿಯಬೇಕು. ಇಲ್ಲಿ ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡುವುದು ಧ್ವನಿವರ್ಧಕ. ನಮ್ಮ ಮಕ್ಕಳ ಹೆಜ್ಜೆ ತಪ್ಪುವುದಿಲ್ಲ, ಕೋಲು ತಪ್ಪುವುದಿಲ್ಲ. ತುಟಿಗಳು ಮಾತ್ರ ಮುಚ್ಚಿರುತ್ತವೆ.

ಈ ಬಾರಿ ಮಂಡ್ಯದ ಕಡೆಯ ಅಜ್ಜಿಯೊಬ್ಬರು ಮಗಳ ಮನೆಗೆ ಬಂದಿದ್ದಾರೆ. ಅವರಿಗೆ ಕೋಲಾಟದ ಪದಗಳು ಬರುತ್ತವೆ, ಎಷ್ಟೆಂದು ಅವರೂ ಎಣಿಸಿಲ್ಲ. ವೀಸಾ ತೊಂಬತ್ತು ದಿನಗಳದು. ಅದರಲ್ಲಿ ಈಗಾಗಲೇ ಮೂವತ್ತು ಕಳೆದಿವೆ. ಭಾನುವಾರದ ಅಭ್ಯಾಸದಲ್ಲಿ ಧ್ವನಿವರ್ಧಕವನ್ನು ಹೊರತೆಗೆಯದೆ, ಮಕ್ಕಳನ್ನು ಎರಡು ಸಾಲಾಗಿ ನಿಲ್ಲಿಸಿ, ಅಜ್ಜಿ ಹಾಡಿದ್ದನ್ನು ತಿರುಗಿ ಹಾಡಿಸುತ್ತಿದ್ದೇವೆ. ಮೊದಲ ವಾರ ಕೋಲಿನ ಸದ್ದಿಗಿಂತ ನಗುವಿನ ಸದ್ದೇ ಹೆಚ್ಚಾಗಿತ್ತು. ಎರಡನೆಯ ವಾರ ಒಂದು ಮಗು ನಡುವೆ ಕೋಲು ನಿಲ್ಲಿಸಿ, ‘ಸೋರೆಬುರುಡೆ ಎಂದರೇನು?’ ಎಂದು ಕೇಳಿತು. ಅಜ್ಜಿ ಆಟ ಬಿಟ್ಟು ಕುಳಿತು ವಿವರಿಸಿದರು. ಅಂದಿನ ಅಭ್ಯಾಸ ಅಷ್ಟಕ್ಕೇ ಮುಗಿಯಿತು.