“ನಕಲು ಇದೆ ಮಾಮು”

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಗೊಟ್ಟಿಗೆರೆಯ ನಮ್ಮ ಮಾಮುವಿನ ಆಫೀಸಿಗೆ ಹೋಗುತ್ತಿದ್ದೆ. ಅವರು ಬನ್ನೇರುಘಟ್ಟ ರಸ್ತೆಯ ಅಂಗಡಿಗಳ ಲೆಕ್ಕ ಬರೆದುಕೊಡುತ್ತಾರೆ. ಆ ಲೆಕ್ಕವೆಲ್ಲ ಒಂದು ವರ್ಚುವಲ್ ಮಷಿನ್‌ನಲ್ಲಿದೆ, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ನಡೆಯುವ ಇನ್ನೊಂದು ಕಂಪ್ಯೂಟರ್. ಕೆಳಗಿನ ಸರ್ವರ್ ಕೆಟ್ಟರೂ ಕೆಲಸ ನಿಲ್ಲಬಾರದೆಂದು ಅದರ ನಕಲನ್ನು ಮಹಡಿಯ ಸರ್ವರಿನಲ್ಲಿ ಇಡುವ ಕೆಲಸ ನನ್ನ ಪಾಲಿಗೆ ಬಂತು.

ಇದಕ್ಕೆ ಬಳಸಿದ್ದು ಮೈಕ್ರೋಸಾಫ್ಟ್‌ನ ಹೈಪರ್-ವಿ ರೆಪ್ಲಿಕಾ. ಮೊದಲು ಪೂರ್ತಿ ನಕಲು ಹೋಗುತ್ತದೆ. ಆಮೇಲೆ ನಾವು ಆರಿಸಿದಂತೆ 30 ಸೆಕೆಂಡು, 5 ನಿಮಿಷ ಅಥವಾ 15 ನಿಮಿಷಕ್ಕೊಮ್ಮೆ ಬದಲಾದ ಭಾಗ ಮಾತ್ರ. ಮೊದಲ ದಿನ ಸಂಪರ್ಕವೇ ಸಿಗಲಿಲ್ಲ. ಮಹಡಿಯ ಸರ್ವರಿನ ಫೈರ್‌ವಾಲ್‌ನಲ್ಲಿ 443ನೇ ಪೋರ್ಟನ್ನು ನಾವೇ ತೆರೆಯಬೇಕಿತ್ತು. ತೆರೆದ ಮೇಲೆ ‘ನಾರ್ಮಲ್’ ಎಂದು ತೋರಿಸಿತು. ಖುಷಿಯಲ್ಲಿ ಇನ್ನೊಂದು ಜಾಣತನ ಮಾಡಿದೆ: ಗಂಟೆಗೊಂದರಂತೆ 24 ಹಳೆಯ ಸ್ಥಿತಿಗಳನ್ನೂ ಉಳಿಸಿಕೊಳ್ಳುವಂತೆ ಇಟ್ಟೆ.

ಕೆಲವು ವಾರಗಳ ನಂತರ ಒಂದು ಸಂಜೆ ಮಾಮು, “ಕೆಳಗಿನ ಡಿಸ್ಕ್ ಸದ್ದು ಮಾಡ್ತಿದೆ, ನಾಳೆ ಬದಲಾಯಿಸ್ತೀನಿ. ನಕಲು ಇದೆ ತಾನೆ?” ಎಂದರು.

“ಇದೆ ಮಾಮು” ಎಂದೆ, ನೋಡದೆಯೇ.

ಇಶಾ ನಮಾಜ್ ಮುಗಿಸಿದ ಮೇಲೂ ಮನಸ್ಸು ಚುಚ್ಚುತ್ತಿತ್ತು. ಹೋಗಿ ತೆರೆದು ನೋಡಿದೆ. ‘ಕ್ರಿಟಿಕಲ್’ ಎಂದಿತ್ತು. ಕೊನೆಯ ನಕಲು 9 ದಿನ ಹಿಂದಿನದು. ನಾನು ಉಳಿಸಿಟ್ಟ ಹಳೆಯ ಸ್ಥಿತಿಗಳೇ ಮಹಡಿಯ ಡಿಸ್ಕನ್ನು ತುಂಬಿಸಿಬಿಟ್ಟಿದ್ದವು.

ಯಾರಿಗೂ ಹೇಳದೆ ರಾತ್ರಿಯೇ ಸರಿಮಾಡೋಣ ಅನ್ನಿಸಿತು. ಆದರೆ ಬೆಳಗಾಗುವಷ್ಟರಲ್ಲಿ ಮುಗಿಯದಿದ್ದರೆ ಹೋಗುವುದು ಎಷ್ಟೋ ಮನೆಗಳ ಲೆಕ್ಕ. ಫೋನ್ ಮಾಡಿ ಹೇಳಿದೆ. ಮಾಮು ಸ್ವಲ್ಪ ಹೊತ್ತು ಸುಮ್ಮನಿದ್ದು, “ಡಿಸ್ಕ್ ನಾಡಿದ್ದು ನೋಡೋಣ. ನೀನು ಅದನ್ನ ಸರಿಮಾಡು” ಎಂದರು.

ಬೇಡದ ಫೈಲುಗಳನ್ನು ಬೇರೆಡೆಗೆ ಸಾಗಿಸಿ ಜಾಗ ಮಾಡಿದೆ, 24 ಅನ್ನು 4ಕ್ಕೆ ಇಳಿಸಿದೆ. ಬರೀ ಮುಂದುವರಿಸಿದರೆ ಸಾಲಲಿಲ್ಲ, ಮರುಸಿಂಕ್ ಕೇಳಿತು. ಅದು ಎರಡೂ ಕಡೆಯ ಡಿಸ್ಕನ್ನು ಹೋಲಿಸಿ ವ್ಯತ್ಯಾಸವನ್ನಷ್ಟೇ ಕಳಿಸುತ್ತದೆ. ಮುಗಿದಾಗ ಫಜರ್ ಅಜಾನ್ ಕೇಳುತ್ತಿತ್ತು. ಆಮೇಲೆ ‘ಟೆಸ್ಟ್ ಫೇಲೋವರ್’ ಕೊಟ್ಟೆ. ಇದರಿಂದ ನಕಲು ನಡೆಯುವುದು ನಿಲ್ಲುವುದಿಲ್ಲ, ನಕಲಿನಿಂದಲೇ ಒಂದು ಪರೀಕ್ಷಾ ಮಷಿನ್ ಎದ್ದು ನಿಲ್ಲುತ್ತದೆ. ಅದರಲ್ಲಿ ಹಿಂದಿನ ಸಂಜೆ ಬರೆದ ಕೊನೆಯ ಬಿಲ್ಲನ್ನು ಕಣ್ಣಾರೆ ನೋಡಿದ ಮೇಲೆಯೇ ಮನೆಗೆ ಹೋದದ್ದು.

ಮನೆಯಲ್ಲಿ ತಮ್ಮ ಹಿಫ್ಝ್ ಮಾಡುತ್ತಿದ್ದಾನೆ. ಹೊಸ ಪಾಠ ಎಷ್ಟೇ ಚೆನ್ನಾಗಿ ಬಂದರೂ ಉಸ್ತಾದರು ಹಳೆಯದನ್ನು ದಿನವೂ ಒಪ್ಪಿಸಿಕೊಳ್ಳುತ್ತಾರೆ. ಬಾಯಿಪಾಠ ಆಗಿದೆ ಎಂದರೆ ಒಪ್ಪುವುದಿಲ್ಲ, ಓದು ಎನ್ನುತ್ತಾರೆ. ಅದೇಕೆಂದು ಅಂದು ನನಗೆ ಅರ್ಥವಾಯಿತು.

ಈಗ ಪ್ರತಿ ಶುಕ್ರವಾರ ಜುಮಾ ಮುಗಿಸಿ ಆಫೀಸಿಗೆ ಹೋಗಿ ಮೂರು ಸಂಗತಿ ನೋಡುತ್ತೇನೆ: ಕೊನೆಯ ನಕಲಿನ ದಿನಾಂಕ, ಡಿಸ್ಕಿನಲ್ಲಿ ಉಳಿದ ಜಾಗ, ತೆರೆದರೆ ತೆರೆಯುತ್ತದೆಯೇ ಎಂಬುದು. ಆಮೇಲೆಯೇ ಹೇಳುವುದು, “ಇದೆ ಮಾಮು” ಎಂದು.