ನಮ್ಮ ಮನೆಯ ಕಂಬ

2017ರ ಜುಲೈ 25ರಂದು ನಮ್ಮ ಘಾಟಕೋಪರದ ಸಿದ್ಧಿಸಾಯಿ ಕಟ್ಟಡವು ಕುಸಿದು 17 ಮಂದಿ ಅಸುನೀಗಿದರು. ನೆಲ ಅಂತಸ್ತಿನ ಮಾರ್ಪಾಟಿನಲ್ಲಿ ಕಂಬಗಳಿಗೇ ಕೈಹಾಕಿದ್ದರೆಂಬುದು ನಿವಾಸಿಗಳ ದೂರು. ಆ ಬಳಿಕವೇ ನಾವು ನಮ್ಮ ಮನೆಯ ಕಂಬವನ್ನು ಕಣ್ಣಿಟ್ಟು ನೋಡಿದುದು. ಉದ್ದನೆಯ ಬಿರುಕೊಂದಿತ್ತು. ಪ್ರತಿ ಗಣೇಶ ಚೌತಿಗೂ ಅದಕ್ಕೆ ಬಣ್ಣ ಬಳಿದು ಮುಚ್ಚುತ್ತಿದ್ದವರು ನಾವೇ!

ಇಂಜಿನಿಯರರೊಡನೆ ಬಂದ ವಾಸ್ತುಶಿಲ್ಪಿಗಳು ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರು, ಸದ್ದು ಪೊಳ್ಳಾಗಿತ್ತು. ಕಡಲ ಉಪ್ಪುಗಾಳಿಗೂ ಮಳೆಯ ತೇವಕ್ಕೂ ಒಳಗಿನ ಕಬ್ಬಿಣವು ತುಕ್ಕುಹಿಡಿದು ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ ಎಂದು ತಿಳಿಸಿದರು. ಕೆಡವಿ ಹೊಸ ಸಿಮೆಂಟು ಸುರಿಯುವ ಮುನ್ನ ದುರಸ್ತಿ ಸಾಧ್ಯವೇ ಎಂದು ನೋಡುವುದೂ ತಮ್ಮ ಹೊಣೆಯೆಂದರು.

ಅಡುಗೆಮನೆಯನ್ನು ಹಿಗ್ಗಿಸಲು ನಡುಗೋಡೆಯನ್ನು ತೆಗೆಸಿಕೊಡಿರೆಂದು ನಾವು ಕೇಳಿದೆವು. ಅವರು ಒಪ್ಪಲಿಲ್ಲ. “ಹಣ ನಿಮ್ಮದು, ಸಹಿ ನನ್ನದು” ಎಂದರು. ಅಂದು ನಮಗೆ ಬೇಸರವೇ ಆಯಿತು. ಈಗ ಆ ಗೋಡೆಗೊರಗಿಯೇ ಓದುತ್ತೇವೆ.